ಲೋಕಸಭೆಗೆ ಮೊದಲ ಸಲ ನಿಂತಿದ್ದೀರಾ? ಪ್ರಚಾರದ ದಿನಗಳನ್ನು ಹೀಗೆ ಹೊಂದಿಸಿಕೊಳ್ಳಿ

ಲೋಕಸಭೆಗೆ ನಿಲ್ಲಬೇಕು ಅಂದುಕೊಂಡವರು ಮೊದಲು ಕೇಳುವುದು ದುಡ್ಡಿನ ವಿಷಯ. ಎಷ್ಟು ಬೇಕು, ಎಲ್ಲಿಂದ ತರೋದು ಅಂತ. ನನ್ನ ಪ್ರಕಾರ ಅದಕ್ಕೂ ಮೊದಲು ಕ್ಯಾಲೆಂಡರ್ ಮತ್ತು ನಕ್ಷೆ ಮುಂದಿಟ್ಟುಕೊಂಡು ಕೂರಬೇಕು. ಹೊಸ ಅಭ್ಯರ್ಥಿಗೆ ಎಲ್ಲಕ್ಕಿಂತ ಕಡಿಮೆ ಸಿಗುವುದು ಸಮಯ. ಅದನ್ನು ಹೇಗೆ ಬಳಸಬೇಕು ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ದೊಡ್ಡ ಪಕ್ಷದ ಟಿಕೆಟ್ ಇದ್ದವರಿಗೆ ಇದನ್ನೆಲ್ಲ ನೋಡಿಕೊಳ್ಳಲು ಜನ ಇರುತ್ತಾರೆ. ಇದು ಪಕ್ಷೇತರರಿಗೆ, ಸಣ್ಣ ಪಕ್ಷದವರಿಗೆ, ಅವರ ಜೊತೆ ಓಡಾಡುವ ಗೆಳೆಯರಿಗೆ.

ಲೆಕ್ಕ ಸ್ಪಷ್ಟವಾಗಲಿ ಅಂತ ಒಂದು ಕ್ಷೇತ್ರ ಹಿಡಿದುಕೊಳ್ಳೋಣ: ಉತ್ತರ ಕನ್ನಡ. 2024ರಲ್ಲಿ ಇಲ್ಲಿ ನಾಮಪತ್ರ ವಾಪಸ್ ಪಡೆಯಲು ಕೊನೆಯ ದಿನ ಏಪ್ರಿಲ್ 22. ಪಕ್ಷೇತರರಿಗೆ ಚಿಹ್ನೆ ಖಚಿತವಾಗುವುದು ಅದು ಮುಗಿದ ಮೇಲೆಯೇ. ಮತದಾನ ಮೇ 7. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲಬೇಕು, ಅಂದರೆ ಮೇ 5ರ ಸಂಜೆ 6ಕ್ಕೆ. ಚಿಹ್ನೆ ಹಿಡಿದು ಓಡಾಡಲು ಸಿಕ್ಕಿದ್ದು 13 ದಿನ.

ಕರ್ನಾಟಕದ ಪ್ರತಿ ಲೋಕಸಭಾ ಕ್ಷೇತ್ರದಲ್ಲೂ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಇಲ್ಲಿ ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರದ ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಸೇರುತ್ತವೆ. ಭಟ್ಕಳದಿಂದ ಖಾನಾಪುರಕ್ಕೆ 200 ಕಿಲೋಮೀಟರ್‌ಗೂ ಜಾಸ್ತಿ. ನಡುವೆ ಘಟ್ಟ. ರಾಜ್ಯದ ಒಟ್ಟು ಮತದಾರರನ್ನು 28 ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ಸರಾಸರಿ 19 ಲಕ್ಷದ ಮೇಲೆ ಬರುತ್ತದೆ. ದಿನಕ್ಕೆ ಸಾವಿರ ಜನರ ಕೈ ಕುಲುಕಿದರೂ 13 ದಿನಕ್ಕೆ 13 ಸಾವಿರ ಆಯಿತು. ಎಲ್ಲರನ್ನೂ ಮುಟ್ಟುತ್ತೇನೆ ಅನ್ನುವ ಆಸೆಯನ್ನು ಮೊದಲ ದಿನವೇ ಬಿಟ್ಟುಬಿಡಿ. ಕೆಲವೇ ಊರುಗಳಿಗೆ ಹೋಗಿ, ಅಲ್ಲಿ ನಿಂತು ಮಾತಾಡಿ, ನಿಂತು ಕೇಳಿ. ಆ ಮಾತು ಪಕ್ಕದ ಊರಿಗೆ ತಾನಾಗಿಯೇ ಹೋಗುತ್ತದೆ.

ಹಂತ 1: ಮೊದಲು ನಕ್ಷೆ, ಆಮೇಲೆ ಭಾಷಣ

ಎಂಟು ವಿಧಾನಸಭಾ ಕ್ಷೇತ್ರಗಳಿಗೂ ಸಮ ಸಮ ದಿನ ಹಂಚಬೇಡಿ. ನಿಮ್ಮನ್ನು ಹೆಸರು ಹಿಡಿದು ಗುರುತಿಸುವ ಜನ ಎಲ್ಲಿದ್ದಾರೆ, ನೀವು ಎತ್ತಿರುವ ವಿಷಯ ಯಾವ ಊರಿನದ್ದು ಅಂತ ನೋಡಿ. ಅಂಥ ಎರಡು ಮೂರು ತಾಲ್ಲೂಕುಗಳಿಗೆ ಅರ್ಧಕ್ಕಿಂತ ಜಾಸ್ತಿ ದಿನ ಕೊಡಿ. ಉಳಿದ ಕಡೆ ಒಂದೊಂದು ದಿನ.

ಒಂದೇ ದಿನ ಘಟ್ಟ ಹತ್ತಿ ಇಳಿಯುವ ಯೋಜನೆ ಬೇಡ. ಬೆಳಗ್ಗೆ ಅಂಕೋಲಾ, ಮಧ್ಯಾಹ್ನ ಯಲ್ಲಾಪುರ, ಸಂಜೆ ಕುಮಟಾ ಅಂತ ಹಾಕಿಕೊಂಡರೆ ಅರಬೈಲು ಘಟ್ಟ, ದೇವಿಮನೆ ಘಟ್ಟಗಳಲ್ಲೇ ದಿನ ಕಳೆಯುತ್ತದೆ. ಕರಾವಳಿಗೆ ಹೋದರೆ ಎರಡು ದಿನ ಕರಾವಳಿಯಲ್ಲೇ ಇರಿ, ರಾತ್ರಿ ಅಲ್ಲೇ ಉಳಿಯಿರಿ. ಉಳಿಯಲು ಸರ್ಕಾರಿ ಪ್ರವಾಸಿ ಮಂದಿರದ ಯೋಚನೆ ಬೇಡ. ಚುನಾವಣಾ ಕೆಲಸಕ್ಕೆ ಅದನ್ನು ಬಳಸುವ ಹಾಗಿಲ್ಲ. ಪರಿಚಯದವರ ಮನೆ ಅಥವಾ ಲಾಡ್ಜ್ ನೋಡಿಕೊಳ್ಳಿ.

ಭಾಷೆಯನ್ನೂ ನಕ್ಷೆಯ ಮೇಲೆ ಗುರುತು ಮಾಡಿ. ಕಾರವಾರದಲ್ಲಿ ಕೊಂಕಣಿ, ಖಾನಾಪುರದಲ್ಲಿ ಮರಾಠಿ, ಭಟ್ಕಳದಲ್ಲಿ ನವಾಯತಿ ಆಡುವ ಮನೆಗಳು ಬಹಳ ಇವೆ. ನಿಮಗೆ ಬರದಿದ್ದರೆ ಬರುವವರನ್ನು ಜೊತೆಗೆ ಕರೆದುಕೊಳ್ಳಿ. ಬಾಯಿಪಾಠ ಮಾಡಿದ ನಾಲ್ಕು ಸಾಲಿಗಿಂತ, ಅವರ ಮಾತನ್ನು ಸರಿಯಾಗಿ ತಿಳಿಸುವ ಒಬ್ಬ ಸ್ಥಳೀಯರು ನಿಮಗೆ ಹೆಚ್ಚು ಬೇಕು.

ಹಂತ 2: ಯಾರಿಗೆ ಯಾವ ಕೆಲಸ

ಚುನಾವಣಾ ಏಜೆಂಟ್ ಅಂತ ಒಬ್ಬರನ್ನು ಬರಹದಲ್ಲಿ ನೇಮಿಸಬೇಕು. ಕಚೇರಿಯ ಕಾಗದ ಪತ್ರ, ಚುನಾವಣಾ ಆಯೋಗ ಕಳಿಸುವ ವೀಕ್ಷಕರ ಸಭೆ, ಅನುಮತಿ ಎಲ್ಲ ಅವರ ಜವಾಬ್ದಾರಿ. ಅವರು ನಿಮ್ಮ ಜೊತೆ ಗಾಡಿಯಲ್ಲಿ ತಿರುಗಬಾರದು. ಇದನ್ನು ಒತ್ತಿ ಹೇಳುತ್ತೇನೆ. ತುಂಬ ತಂಡಗಳಲ್ಲಿ ಕಾನೂನು ಗೊತ್ತಿರುವ ಒಬ್ಬರೇ ಒಬ್ಬರು ಅಭ್ಯರ್ಥಿಯ ಪಕ್ಕದಲ್ಲಿ ಬಾವುಟ ಹಿಡಿದು ನಿಂತಿರುತ್ತಾರೆ. ಅದೇ ಹೊತ್ತಿಗೆ ಜಿಲ್ಲಾ ಕೇಂದ್ರದ ಕಚೇರಿಯಿಂದ ನೋಟಿಸ್ ಬಂದಿರುತ್ತದೆ.

ಲೆಕ್ಕಕ್ಕೆ ಇನ್ನೊಬ್ಬರು. ಗಾಡಿ ಮತ್ತು ದಾರಿಗೆ, ಊರಿಗೆ ಮುಂಚೆ ಹೋಗಿ ಜನರನ್ನು ಸೇರಿಸಲು ಒಬ್ಬೊಬ್ಬರು. ನಿಮ್ಮ ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ನಡೆಯಲು ಒಬ್ಬರು. ಈ ನೋಟ್‌ಬುಕ್‌ನವರ ಬಗ್ಗೆ ಸಂಜೆಯ ಭಾಗದಲ್ಲಿ ಹೇಳುತ್ತೇನೆ. ತಂಡದಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಗಂಡಸರ ಗುಂಪು ಬಂದರೆ ಹೆಂಗಸರು ಬಾಗಿಲ ಹಿಂದೆ ನಿಂತೇ ಮಾತು ಮುಗಿಸುತ್ತಾರೆ. ಹಾಗೆಯೇ, ಮಹಿಳಾ ಕಾರ್ಯಕರ್ತರಿಗೆ ದಾರಿಯಲ್ಲಿ ಶೌಚಾಲಯ ಎಲ್ಲಿದೆ, ರಾತ್ರಿ ಅವರನ್ನು ಮನೆಗೆ ಯಾರು ಬಿಡುತ್ತಾರೆ ಅನ್ನುವುದು ದಿನದ ಪಟ್ಟಿಯಲ್ಲಿ ಬರೆದಿರಲಿ. ಇದನ್ನು ಬರೆಯದೆ ಬಿಟ್ಟ ತಂಡಗಳಲ್ಲಿ ಮೂರನೇ ದಿನದಿಂದ ಹೆಣ್ಣುಮಕ್ಕಳು ಬರುವುದಿಲ್ಲ.

ಹಂತ 3: ಅನುಮತಿ ಎರಡು ದಿನ ಮೊದಲೇ

ಸಭೆ, ಮೆರವಣಿಗೆ, ಮೈಕು, ವಾಹನ, ಎಲ್ಲಕ್ಕೂ ಅನುಮತಿ ಬೇಕು. ಆಯೋಗದ ಸುವಿಧಾ ಪೋರ್ಟಲ್‌ನಲ್ಲಿ ಕನಿಷ್ಠ 48 ಗಂಟೆ ಮೊದಲು ಅರ್ಜಿ ಹಾಕಿ. ಮೊದಲು ಕೇಳಿದವರಿಗೆ ಮೊದಲು ಸಿಗುತ್ತದೆ. ಊರಿನ ಒಳ್ಳೆ ಮೈದಾನವನ್ನು ಬೇರೆಯವರು ಹಿಡಿದುಕೊಂಡಿದ್ದರೆ ಬೇಸರ ಬೇಡ, ಹೊಸ ಅಭ್ಯರ್ಥಿಗೆ ಮೈದಾನ ಬೇಕಾಗಿಯೂ ಇಲ್ಲ. ನಾಲ್ಕು ರಸ್ತೆ ಸೇರುವಲ್ಲಿ ಒಂದು ಕಾರ್ನರ್ ಮೀಟಿಂಗ್ ಸಾಕು. ಖಾಲಿ ಕುರ್ಚಿಗಳ ಫೋಟೋ ನಿಮಗೆ ಮಾಡುವಷ್ಟು ಕೆಡುಕನ್ನು ಎದುರಾಳಿಯೂ ಮಾಡಲಾರರು.

ವಾಹನದ ಅನುಮತಿ ಪತ್ರದ ಮೂಲ ಪ್ರತಿಯನ್ನೇ ಮುಂದಿನ ಗಾಜಿಗೆ ಅಂಟಿಸಬೇಕು. ಜೆರಾಕ್ಸ್ ನಡೆಯುವುದಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕು ಬಂದ್. ಕರಪತ್ರ, ಪೋಸ್ಟರ್ ಯಾವುದೇ ಇರಲಿ, ಅಚ್ಚು ಹಾಕಿದವರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರ ಮೇಲೆ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮುದ್ರಣಾಲಯಕ್ಕೆ ಕೊಡುವ ಮುನ್ನ ಪ್ರೂಫ್‌ನಲ್ಲೇ ಇದನ್ನು ನೋಡಿ. ಟಿವಿ, ಕೇಬಲ್, ಸೋಷಿಯಲ್ ಮೀಡಿಯಾ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಗೋಡೆ ಬರಹ ಬೇಡವೇ ಬೇಡ.

ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದ್ದರೆ, ಅದು ಹೋರಾಟದಲ್ಲಿ ಹಾಕಿದ ಕೇಸೇ ಆಗಿರಲಿ, ಪ್ರಚಾರದ ಅವಧಿಯಲ್ಲಿ ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು. ಆ ತಾರೀಕುಗಳನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಹಂತ 4: ಬೆಳಗಿನ ಹೊತ್ತು

ಬೆಳಗ್ಗೆ 6ಕ್ಕೆ ರಸ್ತೆಯಲ್ಲಿ ಇರಿ. ಕರಾವಳಿಯಾದರೆ ಬಂದರು, ಮೀನು ಮಾರುಕಟ್ಟೆ. ಘಟ್ಟದ ಮೇಲಾದರೆ ಹಾಲಿನ ಡೇರಿ, ಬಸ್ ನಿಲ್ದಾಣ, ಚಹಾದ ಅಂಗಡಿ. ಈ ಹೊತ್ತಿನಲ್ಲಿ ಭಾಷಣ ಯಾರಿಗೂ ಬೇಡ. ಮೀನು ಮಾರುವ ಹೆಂಗಸಿಗೆ ಅದು ದುಡಿಮೆಯ ಗಳಿಗೆ. ಗಿರಾಕಿಗೆ ಅಡ್ಡ ನಿಲ್ಲಬೇಡಿ. ಹೆಸರು, ಚಿಹ್ನೆ, ಮತಯಂತ್ರದಲ್ಲಿ ನಿಮ್ಮ ಕ್ರಮ ಸಂಖ್ಯೆ, ಈ ಮೂರು ಹೇಳಿ ಕರಪತ್ರ ಕೊಟ್ಟು ಮುಂದೆ ನಡೆಯಿರಿ.

ಕ್ರಮ ಸಂಖ್ಯೆ ಯಾಕೆ ಅಂದರೆ, ಪಕ್ಷೇತರರ ಹೆಸರು ಪಟ್ಟಿಯಲ್ಲಿ ಕೆಳಗೆ ಬರುತ್ತದೆ. ಮಾನ್ಯತೆ ಪಡೆದ ಪಕ್ಷಗಳು ಮೊದಲು, ನೋಂದಾಯಿತ ಪಕ್ಷಗಳು ಆಮೇಲೆ, ಕೊನೆಗೆ ಪಕ್ಷೇತರರು. ಒಂದು ಮತಯಂತ್ರದಲ್ಲಿ 16 ಸಾಲು, ಅದರಲ್ಲಿ ಒಂದು ನೋಟಾಕ್ಕೆ. ಅಭ್ಯರ್ಥಿಗಳು ಹದಿನೈದಕ್ಕಿಂತ ಜಾಸ್ತಿ ಇದ್ದರೆ ಎರಡನೇ ಯಂತ್ರ ಇಡುತ್ತಾರೆ. ನೀವು ಎಷ್ಟನೇ ಯಂತ್ರದಲ್ಲಿ ಎಷ್ಟನೇ ಸಾಲು ಅನ್ನುವುದು ಮತದಾರರ ಬಾಯಲ್ಲಿ ಇರಬೇಕು. ಪಕ್ಕದ ಬೆಳಗಾವಿಯಲ್ಲಿ 1996ರ ಲೋಕಸಭಾ ಚುನಾವಣೆಗೆ 456 ಮಂದಿ ನಿಂತಿದ್ದರು. ಆಗಿನ ಕಾಗದದ ಮತಪತ್ರದಲ್ಲಿ ತಮ್ಮ ಅಭ್ಯರ್ಥಿಯನ್ನು ಹುಡುಕುವ ಕಷ್ಟ ಊಹಿಸಿಕೊಳ್ಳಿ. ಠೇವಣಿ ಏರಿದ್ದು ಅದರ ಬೆನ್ನಿಗೇ. ಈಗ ಲೋಕಸಭೆಗೆ ಠೇವಣಿ 25,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 12,500. ಚಲಾವಣೆಯಾದ ಮತದಲ್ಲಿ ಆರನೇ ಒಂದು ಭಾಗ ಬಾರದಿದ್ದರೆ ಅದು ವಾಪಸ್ ಬರುವುದಿಲ್ಲ.

8ರಿಂದ 10ರವರೆಗೆ ಮನೆ ಮನೆ. ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಕರೆಯದೆ ಒಳಗೆ ಹೋಗಬೇಡಿ. ಆರತಿ ತಟ್ಟೆ ಹಿಡಿದು ಬಂದರೆ ಕೈ ಮುಗಿಯಿರಿ, ನೋಟು ಮಾತ್ರ ಹಾಕಬೇಡಿ. ತಟ್ಟೆಗೆ ದುಡ್ಡು ಹಾಕಿದ್ದಕ್ಕೆ ಅಭ್ಯರ್ಥಿಗಳ ಮೇಲೆ ದೂರು ದಾಖಲಾದ ಉದಾಹರಣೆಗಳಿವೆ. ದೇವಸ್ಥಾನ, ಮಸೀದಿ, ಚರ್ಚಿಗೆ ಹೋಗಿ ಬರಬಹುದು. ಅಲ್ಲಿ ಮತ ಕೇಳುವ ಹಾಗಿಲ್ಲ. ಮಕ್ಕಳ ಕೈಗೆ ಬಾವುಟ, ಕರಪತ್ರ ಕೊಡಬೇಡಿ. ಪ್ರಚಾರದಲ್ಲಿ ಮಕ್ಕಳನ್ನು ಬಳಸಬಾರದು ಅಂತ 2024ರ ಫೆಬ್ರವರಿಯಲ್ಲಿ ಆಯೋಗ ಮತ್ತೆ ಕಟ್ಟುನಿಟ್ಟಾಗಿ ಹೇಳಿದೆ.

ಹಂತ 5: ಬಿಸಿಲು ಏರಿದ ಮೇಲೆ

ಏಪ್ರಿಲ್, ಮೇ ತಿಂಗಳ ಕರಾವಳಿ ಸೆಕೆಯಲ್ಲಿ 12ರಿಂದ 3ರವರೆಗೆ ತೆರೆದ ಜೀಪಿನಲ್ಲಿ ನಿಲ್ಲುವುದು ಧೈರ್ಯದ ಕೆಲಸವೂ ಅಲ್ಲ, ಉಪಯೋಗದ್ದೂ ಅಲ್ಲ. ರಸ್ತೆಯಲ್ಲಿ ಜನರೇ ಇರುವುದಿಲ್ಲ. ಈ ಹೊತ್ತನ್ನು ಪ್ರಯಾಣ, ವಕೀಲರ ಸಂಘದ ಭೇಟಿ, ಪತ್ರಕರ್ತರು, ಫೋನ್ ಕರೆಗಳಿಗೆ ಇಡಿ. ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿ. ಇದನ್ನು ದಿನದ ಪಟ್ಟಿಯಲ್ಲೇ ಬರೆದು, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ.

ಊಟ ಹಗುರ ಇರಲಿ. ಗಂಜಿ, ಮಜ್ಜಿಗೆ, ಕೋಕಂ ಪಾನಕ ಒಳ್ಳೆಯದು. ಅಪ್ಪೆಹುಳಿ ರುಚಿ ಅಂತ ಎರಡು ಲೋಟ ಕುಡಿದರೆ ನಿದ್ದೆ ಎಳೆಯುತ್ತದೆ, ಅದು ರಾತ್ರಿಗೆ ಇರಲಿ. ಪ್ರತಿ ಮನೆಯಲ್ಲೂ ಚಹಾ ಕೊಡುತ್ತಾರೆ. ಬೇಡ ಅಂದರೆ ಬೇಜಾರು, ಎಲ್ಲ ಕುಡಿದರೆ ಹೊಟ್ಟೆ ಕೆಡುತ್ತದೆ. ಅರ್ಧ ಲೋಟ ನೀರು ಕೇಳಿ ಕುಡಿಯಿರಿ, ಅವರಿಗೂ ಸಮಾಧಾನ. ಗಂಟಲು ಹೋದರೆ ಪ್ರಚಾರವೇ ಹೋದ ಹಾಗೆ. ಮೈಕು ಇದ್ದಾಗ ಕೂಗಬೇಡಿ, ತಣ್ಣಗಿನ ಬಾಟಲಿ ಮುಟ್ಟಬೇಡಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಡ್ರೈವರ್ ಹತ್ತಿರ ಕೊಟ್ಟಿಡಿ. ದಿನವಿಡೀ ನಿಮ್ಮ ಜೊತೆ ಇರುವುದು ಅವರೊಬ್ಬರೇ.

ಡ್ರೈವರ್‌ಗೂ ನಿದ್ದೆ ಬೇಕು. ರಾತ್ರಿ 11ಕ್ಕೆ ಗಾಡಿ ನಿಲ್ಲಿಸಿ ಬೆಳಗ್ಗೆ 5ಕ್ಕೆ ಘಟ್ಟ ಇಳಿಸಿ ಅನ್ನಬಾರದು. ಆಗುತ್ತದೆ ಅಂದರೆ ಇಬ್ಬರನ್ನು ಇಟ್ಟುಕೊಳ್ಳಿ. ಆಗದಿದ್ದರೆ ಒಂದು ಊರು ಬಿಡಿ.

ಹಂತ 6: ಸಂಜೆ, ದಿನದ ಮುಖ್ಯ ಕೆಲಸ

4ರಿಂದ 9.30ರವರೆಗೆ ಹಳ್ಳಿಗಳು. ಗದ್ದೆ, ತೋಟ, ಕೂಲಿಯಿಂದ ಜನ ವಾಪಸ್ ಬಂದಿರುತ್ತಾರೆ. ಈ ಹೊತ್ತಿಗೆ ಹತ್ತು ಊರು ಬರೆದುಕೊಂಡ ಅಭ್ಯರ್ಥಿ ಐದನೇ ಊರಿಗೆ ಎರಡು ಗಂಟೆ ತಡವಾಗಿ ಹೋಗುತ್ತಾರೆ. ಕಾದು ಕಾದು ಎದ್ದು ಹೋದವರ ಸಿಟ್ಟು ಮತದಾನದವರೆಗೂ ಇರುತ್ತದೆ. ನಾಲ್ಕೇ ಊರು ಬರೆಯಿರಿ. ಒಂದೊಂದರಲ್ಲೂ ಮುಕ್ಕಾಲು ಗಂಟೆ. ಹೇಳಿದ ಹೊತ್ತಿಗೆ ಹೋಗಿ.

ಆ ಮುಕ್ಕಾಲು ಗಂಟೆಯಲ್ಲಿ ನೀವು ಮಾತಾಡುವುದು ಹತ್ತು ನಿಮಿಷ. ಉಳಿದದ್ದು ಜನರದ್ದು. ಜನ ಮಾತಾಡುವಾಗ ಫೋನ್ ನೋಡಬೇಡಿ, ಸೆಲ್ಫಿಗೆ ಎದ್ದು ಹೋಗಬೇಡಿ. ನೋಟ್‌ಬುಕ್‌ನವರು ಇಲ್ಲಿ ಕೆಲಸಕ್ಕೆ ಬರುತ್ತಾರೆ. ಊರು, ಬೂತ್ ಸಂಖ್ಯೆ, ಹೇಳಿದವರ ಹೆಸರು, ವಿಷಯ, ನೀವು ಕೊಟ್ಟ ಉತ್ತರ, ಇಷ್ಟನ್ನೂ ಬರೆದುಕೊಳ್ಳಲಿ. ನೀವು ಕೊಟ್ಟ ಉತ್ತರ ಬರೆಯುವುದು ಮುಖ್ಯ. ಖಾನಾಪುರದಲ್ಲಿ ಒಂದು, ಕುಮಟಾದಲ್ಲಿ ಇನ್ನೊಂದು ಹೇಳಿದರೆ ಎರಡು ದಿನದಲ್ಲಿ ವಾಟ್ಸ್‌ಆಪ್‌ನಲ್ಲಿ ಎರಡೂ ಪಕ್ಕ ಪಕ್ಕ ಬರುತ್ತವೆ. ನನಗೆ ಇನ್ನೂ ದೊಡ್ಡದಾಗಿ ಕಾಣುವುದು ಬೇರೆ. ಜನ ನಂಬಿ ಹೇಳಿಕೊಂಡದ್ದು ಕಳೆದುಹೋಗಬಾರದು. ಗೆಲ್ಲಲಿ ಸೋಲಲಿ, ಆ ನೋಟ್‌ಬುಕ್ ಹಿಡಿದು ಆಮೇಲೆಯೂ ಅರ್ಜಿ ಬರೆಯಬಹುದು, ಕಚೇರಿಗೆ ಹೋಗಬಹುದು.

ಜನ ಕೇಳುವ ಅರ್ಧ ವಿಷಯ ಸಂಸದರ ಕೈಯಲ್ಲಿ ಇರುವುದಿಲ್ಲ. ಚರಂಡಿ ಪಂಚಾಯಿತಿಯದ್ದು, ರೇಷನ್ ಕಾರ್ಡ್ ರಾಜ್ಯದ್ದು. ಎಲ್ಲಕ್ಕೂ ಹೂಂ ಅನ್ನುವುದು ಸುಲಭ, ಅಲ್ವಾ? ಅದು ಮೋಸ. "ಇದು ಸಂಸದರ ಕೆಲಸ ಅಲ್ಲ ಅಮ್ಮ, ಪಂಚಾಯಿತಿಗೆ ಅರ್ಜಿ ಕೊಡೋಣ, ಬರೆಯಲು ನಮ್ಮ ಹುಡುಗಿ ಸಹಾಯ ಮಾಡುತ್ತಾಳೆ" ಅಂತ ನೇರವಾಗಿ ಹೇಳಿ. ಜನರಿಗೆ ನೇರ ಮಾತು ಅರ್ಥವಾಗುತ್ತದೆ.

ಸಂಸತ್ತಿಗೆ ಸೇರಿದ ವಿಷಯದಲ್ಲಿ ಮಾತ್ರ ನೀವು ಓದಿಕೊಂಡೇ ಬಂದಿರಬೇಕು. ಇಲ್ಲಿ ಅಂಥವು ಬೇಕಾದಷ್ಟಿವೆ. ಅರಣ್ಯ ಜಮೀನಿನ ಅತಿಕ್ರಮಣದ ಪ್ರಶ್ನೆ ಪ್ರತಿ ಹಳ್ಳಿಯಲ್ಲೂ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಕೇಂದ್ರದ್ದು. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದಕ್ಕೆ ಸಾಕ್ಷ್ಯ ಕೊಡಬೇಕು ಅನ್ನುತ್ತದೆ ಅದು. ಅಜ್ಜನ ಕಾಲದ ಕಾಗದ ಇಲ್ಲದ ಮನೆಯವರ ಮುಂದೆ ನಿಂತು "ಹಕ್ಕುಪತ್ರ ಕೊಡಿಸುತ್ತೇನೆ" ಅಂತ ಸುಮ್ನೆ ಹೇಳಿಬಿಡಬೇಡಿ. ಆ ಷರತ್ತಿನ ಬಗ್ಗೆ ಏನು ಮಾಡಲು ಹೊರಟಿದ್ದೀರಿ ಅಂತ ಹೇಳಿ. ದಶಕಗಳಿಂದ ಬಾಕಿ ಇರುವ ಹುಬ್ಬಳ್ಳಿ-ಅಂಕೋಲಾ ರೈಲು, ಹೆದ್ದಾರಿ 66ರ ಅಗಲೀಕರಣದಿಂದ ಆದ ತೊಂದರೆ, ಕರಾವಳಿ ನಿಯಂತ್ರಣ ವಲಯದ ನಿಯಮ, ಇವೆಲ್ಲ ದೆಹಲಿಗೆ ಸಂಬಂಧಿಸಿದವು. ದೊಡ್ಡ ಆಸ್ಪತ್ರೆ ಬೇಕು ಅನ್ನುವುದು ಜಿಲ್ಲೆಯ ಹಳೆಯ ಕೂಗು. ಕಾರವಾರದ ಕಡೆಯವರು ಗೋವಾಕ್ಕೆ, ಭಟ್ಕಳದ ಕಡೆಯವರು ಮಂಗಳೂರು, ಮಣಿಪಾಲಕ್ಕೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ ಓಡುತ್ತಾರೆ. ಆಂಬುಲೆನ್ಸ್‌ನಲ್ಲಿ ಹೋದವರ ಮನೆಯವರೇ ನಿಮ್ಮ ಮುಂದೆ ಕೂತಿರುತ್ತಾರೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಅನ್ನುವುದು ಗೊತ್ತಿದ್ದು ಮಾತಾಡಿ.

ಹಂತ 7: ರಾತ್ರಿ ಲೆಕ್ಕ ಮುಗಿಸದೆ ಮಲಗಬೇಡಿ

ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗಿನ ಖರ್ಚೆಲ್ಲ ನಿಮ್ಮ ಲೆಕ್ಕಕ್ಕೆ ಬರುತ್ತದೆ. ನಮ್ಮ ರಾಜ್ಯದಲ್ಲಿ ಲೋಕಸಭೆಗೆ ಮಿತಿ 95 ಲಕ್ಷ. ಇದು 2022ರಲ್ಲಿ ನಿಗದಿಯಾದದ್ದು. ಹೊಸ ಅಭ್ಯರ್ಥಿ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ತೊಂದರೆಯಾಗುವುದು ಮಿತಿ ಮೀರಿ ಅಲ್ಲ, ಬರೆಯದೆ ಬಿಟ್ಟು.

ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ನಿಮ್ಮ ಕೈಯ ದುಡ್ಡು, ಗೆಳೆಯರು ಕೊಟ್ಟದ್ದು ಎಲ್ಲ ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದಲೇ ಹೊರಗೆ ಬರಬೇಕು. ಒಬ್ಬರಿಗೆ ಇಡೀ ಚುನಾವಣೆಯಲ್ಲಿ ನಗದಾಗಿ ಕೊಡಬಹುದಾದದ್ದು 10,000 ರೂಪಾಯಿ. ಅದರ ಮೇಲೆ ಚೆಕ್ ಅಥವಾ ಆನ್‌ಲೈನ್. ಶಾಮಿಯಾನದವರು, ಗಾಡಿಯವರು "ಕ್ಯಾಶ್ ಕೊಡಿ ಸಾರ್" ಅನ್ನುತ್ತಾರೆ. ಮೊದಲ ದಿನವೇ ಆಗುವುದಿಲ್ಲ ಅಂತ ಹೇಳಿಬಿಡಿ.

ಚುನಾವಣಾ ಕಚೇರಿ ಒಂದು ರಿಜಿಸ್ಟರ್ ಕೊಡುತ್ತದೆ. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕ್. ಪ್ರತಿ ರಾತ್ರಿ ಎಲ್ಲ ರಸೀದಿಗಳನ್ನು ಒಂದು ಕವರಿಗೆ ಹಾಕಿ, ಮೇಲೆ ತಾರೀಕು ಬರೆದು, ಮೂರೂ ಹಾಳೆ ತುಂಬಿ. ಚಹಾ, ಕುರ್ಚಿ, ಮೈಕು, ಹೂವಿನ ಹಾರಕ್ಕೆಲ್ಲ ಜಿಲ್ಲಾಡಳಿತ ದರ ಪಟ್ಟಿ ಮಾಡಿರುತ್ತದೆ, ಅದರ ಪ್ರತಿ ಇಟ್ಟುಕೊಳ್ಳಿ. ಅಭಿಮಾನಿಗಳು ಕ್ರೇನ್‌ನಲ್ಲಿ ಸೇಬಿನ ಹಾರ ಹಾಕುತ್ತೇವೆ, ಜೆಸಿಬಿಯಿಂದ ಹೂ ಸುರಿಸುತ್ತೇವೆ ಅಂದರೆ ಕೈಮುಗಿದು ಬೇಡ ಅನ್ನಿ. ಆ ಖರ್ಚೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಅಧಿಕಾರಿಗಳ ತಂಡ ನಿಮ್ಮ ಸಭೆಯನ್ನು ವಿಡಿಯೋ ಮಾಡಿ, ನೋಡಿ, ತಮ್ಮದೇ ಇನ್ನೊಂದು ಲೆಕ್ಕ ಬರೆದಿರುತ್ತದೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ನಿಮ್ಮ ರಿಜಿಸ್ಟರ್ ತಪಾಸಣೆಗೆ ಕೊಡಬೇಕು. ಎರಡೂ ಪಕ್ಕಪಕ್ಕ ಇಟ್ಟಾಗ ಹೊಂದಬೇಕು.

ಕಾರ್ಯಕರ್ತರ ಊಟ ಖರ್ಚಿಗೆ ಬರೆಯಬಹುದು. ಮತದಾರರಿಗೆ ಊಟ ಹಾಕಿದರೆ ಅದು ಲಂಚ. ಗಾಡಿಯಲ್ಲಿ 50,000 ರೂಪಾಯಿಗಿಂತ ಜಾಸ್ತಿ ನಗದು ಸಿಕ್ಕರೆ ಚೆಕ್‌ಪೋಸ್ಟ್‌ನಲ್ಲಿ ಹಿಡಿಯುತ್ತಾರೆ. ಎದುರಿನವರು ದುಡ್ಡು ಹಂಚುವುದು ಕಂಡರೆ ಜಗಳಕ್ಕೆ ಇಳಿಯಬೇಡಿ. ಸಿ-ವಿಜಿಲ್ ಆಪ್‌ನಲ್ಲಿ ಸ್ಥಳದಿಂದಲೇ ಫೋಟೋ ಅಥವಾ ವಿಡಿಯೋ ಹಾಕಿ. 100 ನಿಮಿಷದಲ್ಲಿ ಕ್ರಮ ಆಗಬೇಕು ಅನ್ನುವುದು ಆಯೋಗದ ನಿಯಮ.

ಲೆಕ್ಕ ಮುಗಿದ ಮೇಲೆ ನಾಳೆಯ ದಾರಿ, ಅನುಮತಿ ಪತ್ರ, ಯಾವ ಊರಿನಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಹತ್ತು ನಿಮಿಷ ನೋಡಿ ಮಲಗಿ.

ಹಂತ 8: ಕೊನೆಯ 48 ಗಂಟೆ ಮತ್ತು ಆಮೇಲೆ

ಮೈಕು ನಿಂತ ಮೇಲೆ ಸಭೆ, ಮೆರವಣಿಗೆ ಇಲ್ಲ. ಸದ್ದಿಲ್ಲದೆ ಮನೆಗಳಿಗೆ ಹೋಗಬಹುದು. ಕ್ಷೇತ್ರದ ಹೊರಗಿನಿಂದ ಬಂದ ಕಾರ್ಯಕರ್ತರು ವಾಪಸ್ ಹೋಗಬೇಕು. ಈ ಎರಡು ದಿನದ ನಿಜವಾದ ಕೆಲಸ ಮತಗಟ್ಟೆ ಏಜೆಂಟರದ್ದು. ಇಂಥ ಕ್ಷೇತ್ರದ ಎಲ್ಲ ಬೂತಿಗೂ ಜನ ಹಾಕಲು ಹೊಸಬರಿಗೆ ಆಗುವುದಿಲ್ಲ. ನಿಮಗೆ ಬಲ ಇರುವ ಕಡೆ ಹಾಕಿ, ನೇಮಕದ ನಮೂನೆ 10ನ್ನು ಸಹಿ ಮಾಡಿ ಮುಂಚೆಯೇ ಕೊಡಿ. 85 ವರ್ಷ ದಾಟಿದವರು ಮತ್ತು ಅಂಗವಿಕಲರು ಮನೆಯಿಂದ ಮತ ಹಾಕುವ ವ್ಯವಸ್ಥೆ 2024ರಲ್ಲಿ ಇತ್ತು. ಅಧಿಕಾರಿಗಳು ಮನೆಗೆ ಹೋಗುವ ದಿನ ನಿಮ್ಮ ಪ್ರತಿನಿಧಿಯೂ ಹೋಗಬಹುದು. ಇದು ಮತದಾನಕ್ಕೆ ಮೊದಲೇ ನಡೆದುಹೋಗುತ್ತದೆ, ಮರೆಯಬೇಡಿ.

ಮತದಾನ 7ಕ್ಕೆ ಶುರುವಾದರೆ, ಯಂತ್ರ ಸರಿ ಇದೆಯೇ ಅಂತ ನೋಡುವ ಅಣಕು ಮತದಾನ 5.30ಕ್ಕೆ. ಏಜೆಂಟರು ಅಷ್ಟು ಹೊತ್ತಿಗೆ ಬೂತಿನಲ್ಲಿ ಇರಬೇಕು, ಕಡಿಮೆ ಅಂದರೂ 50 ಮತ ಹಾಕಿ ತೋರಿಸುವುದನ್ನು ನೋಡಬೇಕು. ಹೊರಗೆ ನಿಮ್ಮ ಮೇಜು ಮತಗಟ್ಟೆಯಿಂದ 100 ಮೀಟರ್ ಆಚೆ ಇರಲಿ, ಒಂದು ಮೇಜು, ಎರಡು ಕುರ್ಚಿ. ಅಲ್ಲಿ ಮತದಾರರಿಗೆ ಕೊಡುವ ಗುರುತಿನ ಚೀಟಿ ಬರೀ ಬಿಳಿ ಹಾಳೆ, ಅದರ ಮೇಲೆ ನಿಮ್ಮ ಹೆಸರು, ಚಿಹ್ನೆ ಇರಬಾರದು. ಆವತ್ತು ಇಡೀ ಕ್ಷೇತ್ರಕ್ಕೆ ನಿಮಗೊಂದು ಗಾಡಿ, ಚುನಾವಣಾ ಏಜೆಂಟರಿಗೊಂದು, ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದೊಂದು. ಮತದಾರರನ್ನು ಅದರಲ್ಲಿ ಕರೆತರುವ ಹಾಗಿಲ್ಲ. ಸಂಜೆ ಬೂತ್ ಬಿಡುವ ಮುನ್ನ ಏಜೆಂಟರು ನಮೂನೆ 17ಸಿಯ ಪ್ರತಿ ಕೇಳಿ ಪಡೆಯಬೇಕು. ಎಷ್ಟು ಮತ ಬಿದ್ದಿದೆ ಅನ್ನುವುದು ಅದರಲ್ಲಿ ಇರುತ್ತದೆ. ಎಣಿಕೆಯ ದಿನ ತಾಳೆ ನೋಡಲು ನಿಮ್ಮ ಕೈಯಲ್ಲಿರುವ ಕಾಗದ ಅದೊಂದೇ.

ಫಲಿತಾಂಶ ಏನೇ ಬರಲಿ, 30 ದಿನದೊಳಗೆ ಪೂರ್ತಿ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಸೋತ ಬೇಸರದಲ್ಲಿ ಇದನ್ನು ಬಿಟ್ಟವರು ಮೂರು ವರ್ಷ ಚುನಾವಣೆಗೆ ನಿಲ್ಲದಂತೆ ಅನರ್ಹರಾಗಬಹುದು. ಪ್ರತಿ ರಾತ್ರಿ ರಿಜಿಸ್ಟರ್ ತುಂಬಿದ್ದರೆ ಇದು ಅರ್ಧ ದಿನದ ಕೆಲಸ. ಕೊಟ್ಟ ಮೇಲೆ ಸ್ವೀಕೃತಿ ಪತ್ರ ಕೇಳಿ ಪಡೆದು, ಹಳ್ಳಿಗಳ ನೋಟ್‌ಬುಕ್ ಜೊತೆ ಜೋಪಾನವಾಗಿ ಇಡಿ.